ಸಾಲಹಳ್ಳಿ ಗುಡ್ಡದ ತ್ವಾಳ

ನವೆಂಬರ್ 11, ಸೋಮವಾರ

ವಾಕಿಂಗ್ ಆತು. ರಾಮದುರ್ಗ ಬಜಾರದಿಂದ ಹೊಳಿ ಸೇತುವಿತನಕ, ಸೇತುವಿಂದ ಬಜಾರಕ್ಕ. ಅದ ರೋಡು, ಅದ ನಾಯಿ, ಅದ ಮಂದಿ. ದಿನಾ ಒಬ್ಬರರ ಕೇಳ್ತಾರ — ಏನ್ ಬಸವಲಿಂಗಣ್ಣ, ಸಣ್ಣ ಆಗೀರಲ್ಲ. ಎಲ್ಲೆ ಸಣ್ಣ ಆಗೇನಿ. ಸೀರಿ ಅಂಗಡಿ ಗಾದಿ ಮ್ಯಾಲ ಕುಂತ ಕುಂತ ಬೆಳದ ಹೊಟ್ಟಿ. ಹಂಗೆಲ್ಲ ಹೋಗಂಗಿಲ್ಲ.

ಡಾಕ್ಟರು ಹೇಳಿಬಿಟ್ಟಾರ. ಶುಗರ್ ಬಾರ್ಡರ್ ದಾಟೇತಿ. ನಡೀಬೇಕು, ಇಲ್ಲಾ ಸೂಜಿ ಚುಚ್ಚಿಕೋಬೇಕು. ಅದಕ್ಕ ಈ ಡೈರಿ. ನಡದದ್ದು, ತಿಂದದ್ದು ಬರಿಯಾಕ. ತಿಂದದ್ದು ಪೂರಾ ಬರಿಯಂಗಿಲ್ಲ.

ಮಂಜುಳಾ ಅಂತಾಳ, ನಿಮಗ ಖಾಲಿ ಕೈಲೆ ನಡಿಯಾಕ ಬರಂಗಿಲ್ಲ, ಕೈಯಾಗ ಏನರ ಇರಬೇಕು ಅಂತ. ದೀಪಾವಳಿಗೆ ಬೈಲಹೊಂಗಲಕ್ಕ ತವರಮನಿಗೆ ಹೋದಾಕಿ ತಮ್ಮನ ಹಳೇ ಕ್ಯಾಮರಾ ತಂದಾಳ. ಸಾಗರಂದು ಅಲ್ಲೆ ಸ್ಟುಡಿಯೋ ಐತಿ, ಲಗ್ನ, ಕುಬಸ ಅಂತ ಊರೂರು ತಿರಗತಾನ. ಹೊಸಾದು ತಗೊಂಡಾನ. ಹಳೇದು ಮಾಮಾಗ ಕೊಡು ಅಂದಾನಂತ. ಸಂಗಾಟ ಒಂದು ಉದ್ದನ್ನ ಲೆನ್ಸು, ದೂರಿಂದು ಹತ್ರ ಕಾಣೂದು. ಬ್ಯಾಗು ಕಪಾಟಿನ ಮ್ಯಾಲ ಐತಿ. ನಾಳೆ ನೋಡೂಣು.

ನವೆಂಬರ್ 12

ಕ್ಯಾಮರಾ ಕೆಟ್ಟೈತಿ. ಕಣ್ಣ ಹಚ್ಚಿ ನೋಡಿದ್ರ ಒಳಗ ಬರೇ ಕಪ್ಪ. ಒತ್ತಿದ್ರೂ ಕಪ್ಪ. ಸೇತುವಿ ಮ್ಯಾಲ ನಿಂತು ಸಾಗರಗ ಫೋನ್ ಹಚ್ಚಿದ್ನಿ.

"ಮಾಮಾ, ಮುಂದಿನ ಮುಚ್ಚಳ ತಗದೀರಿಲ್ಲೋ?"

ತಗದಿದ್ದಿಲ್ಲ. ಮಂಜುಳಾಗ ಹೇಳಿಲ್ಲ.

ನವೆಂಬರ್ 17, ರವಿವಾರ

ಅಂಗಡಿ ಸೂಟಿ. ಬೈಕ್ ತಗೊಂಡು ಸಾಲಹಳ್ಳಿ ಹೊಲಕ್ಕ ಹೋಗಿದ್ನಿ. ಹೊಲ ಬ್ಯಾರೇದವ್ರಿಗೆ ಲಾವಣಿಲೆ ಮಾಡಾಕ ಕೊಟ್ಟು ಎಷ್ಟೋ ವರ್ಷಾತು, ಸುಮ್ಮನ ಯಾವತ್ತೂ ಹೋದಂವ ಅಲ್ಲ. ಜ್ವಾಳದ ಮ್ಯಾಲ ಹಕ್ಕಿ, ಬೇಲಿ ಮ್ಯಾಲ ಓತಿಕ್ಯಾತ, ಎಲ್ಲಾ ತಗದ್ನಿ. ಮನಿಗೆ ಬಂದು ನೋಡಿದ್ರ ಎಲ್ಲಾ ಅಲಗ್ಯಾಡಿದ್ದ. ಹಕ್ಕಿ ಅನ್ನೂದು ಒಂದು ಗೀಟು. ಓತಿಕ್ಯಾತ ಕಾಣೂದ ಇಲ್ಲ, ಬೇಲಿ ಅಷ್ಟ ಐತಿ.

ಒಂದು ಮಾತು ಮಾತ್ರ ಖರೇ. ಹೊಳ್ಳಿ ನೋಡಿದಾಗ ಬೈಕು ಕಾಳಿನಷ್ಟ ಸಣ್ಣ ಕಾಣತಿತ್ತು. ಅಷ್ಟ ದೂರ ನಡದಿದ್ನಿ. ಗೊತ್ತ ಆಗಿದ್ದಿಲ್ಲ.

ನವೆಂಬರ್ 24, ರವಿವಾರ. ಬೈಲಹೊಂಗಲ

ಸಾಗರನ ಸ್ಟುಡಿಯೋದಾಗ ಮುಂಜಾನಿಂದ ಕುಂತಿದ್ನಿ. ಹುಡುಗ ಅಂತ ತಿಳಕೊಂಡಿದ್ನಿ, ಕಲಸಾಕ ಚಲೋ ಬರತೈತಿ ಅಂವಗ. ನನಗ ತಿಳಿಯೂ ಹಂಗ ಹೇಳಿದ.

"ಮಾಮಾ, ಇದು ನಿಮ್ಮ ಅಂಗಡಿ ಶಟರ್ ಇದ್ಹಂಗ. ಪೂರಾ ಎತ್ತಿ ತಾಸ್ ಬಿಟ್ರ ಊರ ಮಂದಿ ಎಲ್ಲಾ ಒಳಗ ಬರ್ತಾರ, ಗದ್ದಲ ಆಕ್ಕೈತಿ, ಯಾರ ಮಾರೀನೂ ಕಾಣಂಗಿಲ್ಲ. ಟಕ್ ಅಂತ ಎತ್ತಿ ಟಕ್ ಅಂತ ಇಳಸಿದ್ರ ಒಬ್ಬ ಗಿರಾಕಿ. ಅವನ ಮಾರಿ ಸ್ಪಷ್ಟ. ಬೆಳಕ ಅಂದ್ರ ಗಿರಾಕಿ."

ಇಪ್ಪತ್ತೈದ ವರ್ಷ ಶಟರ್ ಎತ್ತೇನಿ, ಇಳಸೇನಿ. ಬೆಳಕ ಒಳಗ ಬರತೈತಿ ಅಂತ ಒಮ್ಮೆನೂ ಅನಿಸಿದ್ದಿಲ್ಲ.

ಡಿಸೆಂಬರ್ 3, ಮಂಗಳವಾರ

ಇವತ್ತ ಒಂದು ಫೋಟೋ ಬಂತು.

ಕೌಜುಗ. ಸಣ್ಣಂವ ಇದ್ದಾಗಿಂದ ಕೂಗು ಕೇಳೇನಿ. ನೋಡೇನಿ ಅಂತನೂ ಅಂದುಕೊಂಡಿದ್ನಿ — ಕಾಲಾಗಿಂದ ಪುರ್ ಅಂತ ಹಾರಿ ಹೋಗೂ ಕಂದು ಮಣ್ಣಿನ ಹೆಂಟಿ. ಅದಕ್ಕ ನೋಡೂದು ಅನ್ನಂಗಿಲ್ಲ.

ನಮ್ಮ ಹೊಲದ ಬದುವಿನ ಮ್ಯಾಲ ನಿಂತಿತ್ತು. ಎಳೇ ಬಿಸಲು, ಒಂದ ಬಾಜುಕಿಂದ. ಉಸರ ಹಿಡದು ಒತ್ತಿದ್ನಿ. ಮಧ್ಯಾಹ್ನ ಅಂಗಡ್ಯಾಗ ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದ್ನಿ.

ಬೆನ್ನ ಮ್ಯಾಲ, ಎದಿ ಮ್ಯಾಲ ಕೂದಲೆಳಿಯಂಥಾ ಪಟ್ಟಿ. ಕಂದು, ಬಿಳಿ, ಕಾವಿ, ಮತ್ತ ಕಂದು. ಒಂದು ಪಟ್ಟಿಯೊಳಗ ಇನ್ನೊಂದು ಸಣ್ಣ ಪಟ್ಟಿ. ಗಂಟಲಿಗೆ ಕರೇ ದಾರ ಕಟ್ಟಿಧಂಗ ಒಂದು ಗೆರಿ. ನಾ ಇಳಕಲ್ ನೋಡೇನಿ, ಗುಳೇದಗುಡ್ಡದ ಖಣ ನೋಡೇನಿ, ಕಂಚಿ ನೋಡೇನಿ. ಕಣ್ಣ ಮುಚ್ಚಿ ಬಟ್ಟಿ ಮುಟ್ಟಿ ಎಳಿ ಹೇಳತೇನಿ. ಇಂಥಾ ನೇಯಿಗಿ ನೋಡಿಲ್ಲ. ಇದನ್ನ ಉಟ್ಟುಕೊಂಡು ಆ ಹಕ್ಕಿ ದಿನಾ ನಮ್ಮ ಬದುವಿನ ಧೂಳಾಗ ಹೊಳ್ಳ್ಯಾಡತೈತಿ. ಯಾರಿಗೆ ತೋರ್ಸಾಕ?

ಮಡಿವಾಳೆಪ್ಪ, ಅಂಗಡ್ಯಾಗ ಸೀರಿ ಬಿಚ್ಚಿ ತೋರ್ಸಾಂವ, ನನ್ನ ಹಿಂದ ಬಂದು ನಿಂತ. ರೆಕ್ಕಿ ಅಷ್ಟ ಕಾಣತಿತ್ತು ಸ್ಕ್ರೀನ್ ತುಂಬ. ಸ್ವಲ್ಪ ಹೊತ್ತ ನೋಡಿ ಕೇಳಿದ, "ಇದು ಯಾವ ಪಾರ್ಟಿ ಮಾಲ್ರಿ ಅಣ್ಣಾರ?"

ಡಿಸೆಂಬರ್ 15, ರವಿವಾರ

ಸವದತ್ತ್ಯಾಗ ಮಂಜುಳಾನ ಚಿಗವ್ವನ ಮನ್ಯಾಗ ತೊಟ್ಟಿಲ ಕಾರ್ಯಕ್ರಮ. ಹತ್ತಕ್ಕ ಇತ್ತು. ನಾ ನಸುಕಿನ್ಯಾಗ ಕಾರ್ ತಗಿಸಿದ್ನಿ. ಯಾಕ್ ಇಷ್ಟು ಲಗೂನ ಅಂತ ಬೈದ್ಲು. ಸಿರಸಂಗಿ ದಾಟೂತನಕ ಬೈದ್ಲು, ಆಮ್ಯಾಲ ನಿದ್ದಿ ಹತ್ತಿತು.

ನವಿಲುತೀರ್ಥದ ಹಿನ್ನೀರಿನ ದಂಡಿಗೆ ನಿಂತ್ವಿ. ಮಂಜು ನೀರಿನ ಮ್ಯಾಲ ಕಂಬಳಿ ಹಾಸಿಧಂಗ ಬಿದ್ದಿತ್ತು. ಸೂರ್ಯ ಬಂದ. ಕಂಬಳಿ ಒಂದ ಕಡಿಂದ ಕೆಂಪಗಾಗಿ ಹರಕೊಂತ ಹೋತು. ಒಳಗಿಂದ ಹಕ್ಕಿ… ಒಂದಲ್ಲ, ಎರಡಲ್ಲ. ನೀರ ಎದ್ದು ಹಾರಿಧಂಗ ಆತು. ರೆಕ್ಕಿ ಸಪ್ಪಳ ಎದಿಗೆ ಬಡೀತು.

ಫೋಟೋ ಏನೋ ತಗದೇನಿ. ಸುಮಾರ ಅದಾವ. ಮಂಜುಳಾ ಸೆರಗ ತಲಿ ಮ್ಯಾಲ ಎಳಕೊಂಡು ನಿಂತಿದ್ಲು. ಆಮ್ಯಾಲ ಅಂದ್ಲು —

"ನಾವು ಕುಕ್ಕರ್ ಸೀಟಿ ಹೊಡಿಸೂ ಹೊತ್ತಿಗೆ ದಿನಾ ಇಲ್ಲೆ ಇದು ನಡದೈತ್ರಿ?"

ತೊಟ್ಟಿಲಕ್ಕ ಎಲ್ಲಾರಕಿಂತ ಮೊದಲ ಹೋದವರು ನಾವ.

ಡಿಸೆಂಬರ್ 22, ರವಿವಾರ

ನಮ್ಮ ಹೊಲದ ಆಚೆ ಗುಡ್ಡ ಸುರು. ಕಲ್ಲು, ಕಳ್ಳಿ, ಒಣಗಿದ ಹುಲ್ಲು. ಅಲ್ಲೆ ಕುರಿ ಬಂದಾವ. ಮಾಳಪ್ಪ ಅಂತ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡಾಂವ ಇರಬೇಕು. ಸುಗ್ಗಿ ಮುಗಿಯೂತನಕ ಅಲ್ಲೆ ದಡ್ಡಿ ಹಾಕತಾನ. ಜಾಳಿಗಿ ಬಲಿ, ಕಟ್ಟಿಗಿ ಗೂಟ, ಎರಡು ನಾಯಿ. ನನ್ನ ಕೈಯಾಗಿನ ಲೆನ್ಸು ನೋಡಿ ಮೊದಲ ದೂರ ನಿಂತ. ಬಂದೂಕು ಅಂತ ತಿಳಕೊಂಡಿದ್ನಂತ. ಆಮ್ಯಾಲ ಕರದು ಕರೇ ಚಾ ಕೊಟ್ಟ. ಸಕ್ರಿ ಬ್ಯಾಡ ಅಂದ್ನಿ. ಹಾಕಿಬಿಟ್ಟಿದ್ದ. ಕುಡದ್ನಿ.

ಒಂದು ಮರಿ ಹೋಗೇತಿ ಅಂದ. ಮೊನ್ನಿ ನಸುಕಿನ್ಯಾಗ. ನಾಯಿ ಒಯ್ದಿರಬೇಕು ಅಂದ್ನಿ. ತಲಿ ಅಲಗ್ಯಾಡಿಸಿದ. ನನ್ನ ಕರಕೊಂಡು ಹೋಗಿ ಒಂದು ಕಡೆ ಮೆತ್ತನ ಮಣ್ಣಾಗ ಹೆಜ್ಜಿ ತೋರ್ಸಿದ. ನಾಯಿ ಹೆಜ್ಜಿನ ಇದ್ದಂಗ. ಆದ್ರ ಉದ್ದ, ಒಂದರ ಮುಂದ ಒಂದು, ದಾರ ಎಳದಂಗ ನೆಟ್ಟಗ.

"ತ್ವಾಳ್ರಿ ಸಾವಕಾರ್ರ. ಜೋಡಿ ಐತಿ."

ನಮ್ಮ ಹೊಲದಿಂದ ಒಂದು ಕೂಗಳತಿ. ನಲವತ್ತಾರ ವರ್ಷ ಈ ಊರಾಗ ಅದೇನಿ. ತ್ವಾಳ ಅಂದ್ರ ಸಣ್ಣವರಿಗೆ ಅಂಜಸಾಕ ಹೇಳೂ ಮಾತು ಅಂತ ತಿಳಕೊಂಡಿದ್ನಿ.

ಜನವರಿ 5, ರವಿವಾರ

ಮೂರು ಮುಂಜಾನಿ ಖಾಲಿ ಹೋಗಿದ್ವು. ಇವತ್ತ ಕಂಡ್ನಿ.

ಗಾಳಿ ಮಾರಿಗೆ ಬಡಿಯೂ ಹಂಗ ಕುಂಡ್ರು ಅಂತ ಮಾಳಪ್ಪ ಹೇಳಿದ್ದ. ಕುಂತಿದ್ನಿ. ಎದುರಿಗೆ ದೊಡ್ಡ ಬಂಡಿಗಲ್ಲು, ಅದರ ಬುಡಕ್ಕ ಒಂದು ಕಂದು ಕಲ್ಲು. ಆ ಕಲ್ಲು ನೋಡಿ ಫೋಕಸ್ ಮಾಡೂದು ಕಲಿಯಾಕ ಹತ್ತಿದ್ನಿ. ಕಲ್ಲು ಎದ್ದು ನಿಂತಿತು.

ಏನ್ ಬರೀಲಿ.

ಬಣ್ಣ ಅಂದ್ರ ಹುಲ್ಲಿನ ಬಣ್ಣ, ಕಲ್ಲಿನ ಬಣ್ಣ, ಮುಂಜಾನಿ ಧೂಳಿನ ಬಣ್ಣ. ಕಾಲು ಉದ್ದ, ಸಣ್ಣ. ನಾಯಿ ಗತೆ ಬಾಲ ಅಲಗ್ಯಾಡಸಲಿಲ್ಲ, ಅವಸರ ಮಾಡಲಿಲ್ಲ. ಯಾರದರ ಮನಿ ಅಂಗಳದಾಗ ಕೇಳಲಾರದ ಹೊಕ್ಕಾಗ ಮನಿ ಹಿರೇರು ಹೊರಗ ಬಂದು ನೋಡ್ತಾರಲ್ಲ… ಹಂಗ ನೋಡಿತು. ನಾ ಅಂಜಲಿಲ್ಲ. ಅಂಜಿಕಿ ಅಲ್ಲ ಅದು. ಎದ್ದು ಚಪ್ಪಲಿ ಬಿಡಬೇಕು ಅನಿಸಿತು.

ಗಡಿಬಿಡ್ಯಾಗ ಒತ್ತಿದ್ನಿ. ಮೂರು ಫೋಟೋ. ಮೊದಲನೇದು ಕಲ್ಲು. ಎರಡನೇದು ಆಕಾಶ. ಮೂರನೇದ್ರಾಗ ಬಂಡಿ ಹಿಂದ ಹೋಗೂ ಬಾಲ, ಅದೂ ಮಸುಕು.

ಆ ಬಾಲ ಎಷ್ಟ ಸಲ ನೋಡೇನೋ.

ಜನವರಿ 12, ರವಿವಾರ

ಇಲ್ಲ. ಗಾಳಿ ತಪ್ಪಾತು. ಎರಡು ಮೊಲ, ಒಂದು ನವಿಲು.

ಸಾಗರ ಫೋನಿನ್ಯಾಗ ಹೇಳಿದ, ಬೆಳಕ ಕಡಿಮಿ ಇದ್ರ ಐಎಸ್ಓ ಏರಸ್ರಿ, ಮೊಣಕೈ ಎದಿಗೆ ಹಚ್ಚಿ ಹಿಡೀರಿ, ಉಸರ ಅರ್ಧ ಬಿಟ್ಟು ಒತ್ತರಿ. ಅಂಗಡ್ಯಾಗ ಗಿರಾಕಿ ಇಲ್ಲದಾಗ ಮೊಣಕೈ ಎದಿಗೆ ಹಚ್ಚಿ ಕುಂತಿರತೇನಿ. ಮಡಿವಾಳೆಪ್ಪಗ ನನಗೇನೋ ಆಗೇತಿ ಅಂತ ಖಾತ್ರಿ.

ಜನವರಿ 19, ರವಿವಾರ

ಜಳಕಾ ಮಾಡಲಾರದ ಡೈರಿ ತಗದೇನಿ.

ನಾಕು ಮರಿ.

ಬಂಡಿ ಬುಡಕ್ಕ ಗವಿ ಐತಿ. ದೂರಿಂದ ನೋಡಿದ್ರ ನೆಳ್ಳು ಅನಿಸತೈತಿ ಅಷ್ಟ. ಕತ್ತಲಿದ್ದಾಗ ಹೋಗಿ ಕಳ್ಳಿ ಹಿಂದ ಕುಂತಿದ್ನಿ. ಬೆಳಕ ಹರೀತು. ತಾಯಿ ಬಂದ್ಲು. ಗವಿ ಬಾಯಿಗೆ ನಿಂತು ಏನೋ ಸಣ್ಣ ದನಿ ಮಾಡಿದ್ಲು, ಮೂಗಿನ್ಯಾಗ. ಒಳಗಿಂದ ಒಂದು ಕರೇ ಉಂಡಿ ಉರಳಿ ಬಂತು. ಹಿಂದ ಇನ್ನೊಂದು. ಮೂರನೇದು ಎರಡನೇದರ ಬಾಲ ಹಿಡಕೊಂಡು. ನಾಕನೇದು ಭಾಳ ಹೊತ್ತ ಬರಲಿಲ್ಲ. ಮೂಗಷ್ಟ ಹೊರಗ ಹಾಕಿ ಬಿಸಲ ಮೂಸಿ ನೋಡಿತು. ಆಮ್ಯಾಲ ಒಂದ ಕಾಲು. ಹೊರಗ ಬರೂದ ಬ್ಯಾಡೋ ಬೇಕೋ ಅಂತ.

ತಾಯಿ ಅಡ್ಡಾದ್ಲು. ನಾಕೂ ಮಲಿಗೆ ಬಿದ್ವು. ಸೂರ್ಯ ಹಿಂದಿದ್ದ. ಆಕಿ ಕಿವಿ ತೆಳ್ಳಗ, ಒಳಗಿನ ನರ ಎಲ್ಲಾ ಕೆಂಪಗ ಕಾಣತಿದ್ವು, ಎಲಿ ಬೆಳಕಿಗೆ ಹಿಡದಾಗ ಕಾಣೂ ಹಂಗ. ಮರಿ ಬೆನ್ನ ಮ್ಯಾಲಿನ ಎಳೇ ಕೂದಲಕ್ಕ ಬಂಗಾರದ ಅಂಚ ಬಂದಿತ್ತು. ಜರಿ ಅಂತೇವಿ ನಾವು. ಜರಿ ಅಲ್ಲ ಅದು. ನನಗ ಆ ಶಬ್ದ ಗೊತ್ತಿಲ್ಲ.

ಮೊಣಕೈ ಎದಿಗೆ. ಉಸರ ಅರ್ಧ ಬಿಟ್ಟು. ಒತ್ತಿದ್ನಿ.

ಆ ಸಣ್ಣ ಸಪ್ಪಳಕ್ಕ ಆಕಿ ತಲಿ ಎತ್ತಿದ್ಲು. ನೆಟ್ಟಗ ನನ್ನ ಕಡೆ. ಹಳದಿ ಕಣ್ಣು. ಇನ್ನೊಮ್ಮೆ ಒತ್ತಿದ್ನಿ. ಓಡಲಿಲ್ಲ. ಮರಿ ಕುಡಿಯೂತನಕ ನನ್ನ ನೋಡಿದ್ಲು, ಕುಡದ ಮ್ಯಾಲ ಎದ್ದು ಎಲ್ಲಾವನ್ನೂ ಒಳಗ ತಳ್ಳಿ ಗುಡ್ಡ ಏರಿ ಹೋದ್ಲು.

ಮನಿಗೆ ಬಂದು ಮಂಜುಳಾಗ ತೋರ್ಸಿದ್ನಿ. ಕೈ ಒರಸಿಕೊಂಡು ಬಂದಾಕಿ ಸ್ಕ್ರೀನ್ ಮುಂದ ಕುಂತ್ಲು. ರೊಟ್ಟಿ ಹಂಚಿನ ಮ್ಯಾಲ ಹೊತ್ತಿತು. ಇಬ್ಬರೂ ಏಳಲಿಲ್ಲ. ಬಾಣಂತಿ ಕಣ್ಣ ಹಿಂಗ ಇರ್ತಾವ್ರಿ ಅಂದ್ಲು. ನಮ್ಮ ಮೀನಾ ಹುಟ್ಟಿದಾಗ ದವಾಖಾನ್ಯಾಗ ಯಾರ್ ಒಳಗ ಬಂದ್ರೂ ಹಿಂಗ ನೋಡತಿದ್ನಿ ಅಂದ್ಲು.

ನಾ ಆವಾಗ ಅಲ್ಲೇ ಇದ್ನಿ. ಆ ಕಣ್ಣ ನೋಡಿದ್ದಿಲ್ಲ.

ಜನವರಿ 22

ಸಾಗರಗ ಕಳಿಸಿದ್ನಿ. ಕಲಿಸಿದಾಂವ ಅಂವನ. ಕೂಡಲೇ ಫೋನ್ ಹಚ್ಚಿದ. ಮಾಮಾ, ಹತ್ತ ವರ್ಷ ಫೋಟೋ ತಗದೇನಿ, ಇಂಥಾದ್ದು ಒಂದಿಲ್ಲ ನನ್ನ ಹತ್ರ ಅಂದ. ಅಂವನ ದನಿ ಬ್ಯಾರೇ ಆಗಿತ್ತು. ಫೋನ್ ಇಟ್ಟ ಮ್ಯಾಲ ಗಾದಿ ಮ್ಯಾಲ ನೆಟ್ಟಗ ಕುಂತ್ನಿ, ಸಂಜಿತನಕ.

ಜನವರಿ 24, ಶುಕ್ರವಾರ

ಸಾಗರ ಇನ್‌ಸ್ಟಾದಾಗ ಹಾಕಿಬಿಟ್ಟಾನ. ನನ್ನ ಹೆಸರು, ಕೆಳಗ ಸಾಲಹಳ್ಳಿ ಗುಡ್ಡ, ರಾಮದುರ್ಗ ಅಂತ ಬರದು. ಪ್ರೀತಿಲೇ ಹಾಕ್ಯಾನ. ಮುಂಜಾನಿಂದ ಅಂಗಡಿಗೆ ಬಂದವರೆಲ್ಲ ಸೀರಿ ಬಿಟ್ಟು ಅದನ್ನ ಕೇಳತಾರ. ಖುಷಿ ಆತು. ಆಗಿಲ್ಲ ಅಂದ್ರ ಸುಳ್ಳ ಆದೀತು.

ಸಂಜಿಕ ಮಂಜುಳಾ ಕೇಳಿದ್ಲು, ಊರ ಹೆಸರ ಯಾಕ ಹಾಕ್ಯಾನ್ರಿ?

ಆವಾಗ ತಿಳೀತು. ಫೋನ್ ಮಾಡಿ ತಗಸಿದ್ನಿ. ತಗದ. ಆದ್ರ ಅಷ್ಟ್ರಾಗ ಯಾರಾರೋ ತಮ್ಮ ಸ್ಟೇಟಸ್ಸಿಗೆ ಇಟ್ಟುಕೊಂಡಾರಂತ. ಅದನ್ನ ತಗಸಾಕ ಬರಂಗಿಲ್ಲ ಮಾಮಾ ಅಂದ.

ಜನವರಿ 26, ರವಿವಾರ

ಝೆಂಡಾ ವಂದನ ಮುಗಿಸಿಕೊಂಡು ಹೊಲಕ್ಕ ಹೋಗೂದ್ರಾಗ ಬೈಕ್ ನಿಂತಿದ್ವು, ನಮ್ಮ ಬದುವಿನ ಗುಂಟ. ಹುಡುಗೂರು. ಯಾವ ಊರಾವ್ರೋ. ಕೆಟ್ಟ ಹುಡುಗೂರ ಅಲ್ಲ, ನನಗ ಆದದ್ದ ಅವರಿಗೂ ಆಗೇತಿ ಅಷ್ಟ, ನೋಡಬೇಕು ಅಂತ. ಒಬ್ಬ ಡ್ರೋನ್ ಹಾರಿಸಿದ್ದ. ಹುಳದ ಗತೆ ಗುಂಯ್ ಅಂತ ಗುಡ್ಡದ ಮ್ಯಾಲ ತಿರಗಾಕ ಹತ್ತಿತ್ತು.

ಮಾಳಪ್ಪನ ಕುರಿ ಆ ಸಪ್ಪಳಕ್ಕ ಬೆದರಿ ಗುಡ್ಡದ ಕೆಳಗ ಓಡಿದ್ವು. ನಾಯಿ ಆಕಾಶ ನೋಡಿ ಬೊಗಳತಿದ್ವು. ಮ್ಯಾಲ ಬಂಡಿ ತುದಿಗೆ ತಾಯಿ ಕಂಡ್ಲು, ಒಂದ ಕ್ಷಣ. ಡ್ರೋನ್ ಆಕಿ ಕಡೆ ತಿರಗಿತು. ಆಕಿ ಓಡಿದ್ಲು. ಗವಿ ಕಡೆ ಅಲ್ಲ. ಗವಿ ಬಿಟ್ಟು ಎದುರ ದಿಕ್ಕಿಗೆ, ಎಲ್ಲಾರಿಗೂ ಕಾಣೂ ಹಂಗ ಬಯಲಾಗ. ತನ್ನ ಬೆನ್ನ ಹತ್ತಲಿ ಅಂತ.

ನಾ ಹುಡುಗೂರ ಹತ್ರ ಹೋದ್ನಿ. ಅಂಕಲ್, ಫೋಟೋ ನೀವ ತಗದದ್ದಾ ಅಂತ ಕೈ ಮುಗದ್ರು. ಗವಿ ಎಲ್ಲೆ ಅಂತ ಕೇಳಿದ್ರು. ನನ್ನ ಬಾಯಿಂದ ಇಂಥಾ ಸುಳ್ಳ ಇಷ್ಟ ಸರಳ ಬರತೈತಿ ಅಂತ ಗೊತ್ತಿದ್ದಿಲ್ಲ. ಗಿರಾಕಿಗೆ ಸೀರಿ ತೋರ್ಸಿಧಂಗ ತೋರ್ಸಿದ್ನಿ — ಅಲ್ಲೆ ನೋಡ್ರಿ, ಹಳ್ಳದ ಆಚೆ, ಆ ಮೂರನೇ ಗುಡ್ಡ, ಆಲದ ಗಿಡದ ಹಿಂದ, ಮಧ್ಯಾಹ್ನ ಹೊರಗ ಬರ್ತಾವ. ಖುದ್ದ ಅವರ ಮುಂದ ನಡದ್ನಿ. ಬಿಸಲಾಗ, ಈ ಹೊಟ್ಟಿ ಹೊತಗೊಂಡು. ಅಲ್ಲೆ ಕುಂಡ್ರಿಸಿ ಬಂದ್ನಿ. ಸಂಜಿಕ ಬ್ಯಾಸತ್ತು ಹೋದ್ರು.

ಕತ್ತಲಾಗೂತನಕ ದೂರಿಂದ ಗವಿ ನೋಡಿದ್ನಿ. ಆಕಿ ಹೊಳ್ಳಿ ಬರಲಿಲ್ಲ.

ಜನವರಿ 27, ಸೋಮವಾರ

ಮಧ್ಯಾಹ್ನ ಮಾಳಪ್ಪ ಅಂಗಡಿಗೆ ಬಂದ. ಕುರಿ ಬಿಟ್ಟು ಪ್ಯಾಟಿಗೆ ಬರೂ ಮನಷ್ಯಾ ಅಲ್ಲ. ಒಳಗ ಬರ್ರಿ ಅಂದ್ರ ಬರಲಿಲ್ಲ, ಪಾವಟಿಗಿ ಮ್ಯಾಲ ಕುಂತ. ನಿನ್ನಿ ಬೆದರಿ ಓಡಿದಾಗ ಎರಡು ಕುರಿ ಕಲ್ಲಿನ ಗುಂಡ್ಯಾಗ ಬಿದ್ದು ಕಾಲು ಮುರಕೊಂಡಾವ ಅಂದ. ರಾತ್ರಿ ಗವ್ಯಾಗ ಮರಿ ಒದರಾಕ ಹತ್ತಿದ್ವಂತ. ತಾಯಿ ಹಸದು ಬಂದ್ರ ಮೊದಲ ಸಿಗೂದು ನನ್ನ ದಡ್ಡಿ ಅಂದ.

"ಆ ಫೋಟೋ ಮಂದಿಗೆ ನೀವ ಕೊಟ್ಟದ್ದ?"

ಹೌದು ಅಂದ್ನಿ.

ಸಿಟ್ಟಿಗೇಳಲಿಲ್ಲ. ಸಿಟ್ಟಿಗೆದ್ರ ಚಲೋ ಇತ್ತು. ಇವತ್ತ ಸಂಜಿಕ ಗವಿ ಬಾಯಿಗೆ ಕಲ್ಲ ಇಡತೇನ್ರಿ, ನಿಮಗ ಹೇಳಿ ಹೋಗೂಣು ಅಂತ ಬಂದ್ನಿ ಅಂದ. ಎದ್ದ.

ಫಾರೆಸ್ಟಿನವರಿಗೆ ಫೋನ್ ಮಾಡಲೇನು ಅಂತ ಒಂದ ಕ್ಷಣ ಅನಿಸಿತು. ಮಾಡಿದ್ರ ನಾಳೆಯಿಂದ ಅಂವಗ ಆ ಗುಡ್ಡದಾಗ ಕುರಿ ಮೇಸಾಕ ಬಿಡ್ತಾರೋ ಇಲ್ಲೋ. ಅವನ ಹೊಟ್ಟಿ ಮ್ಯಾಲ ನಾ ಇನ್ನೊಂದ ಸಲ ಕಾಲಿಡೂದು ಬ್ಯಾಡ ಅನಿಸಿತು. ಮಡಿವಾಳೆಪ್ಪಗ ಅಂಗಡಿ ನೋಡಕೋ ಅಂದು ಅವನ ಹಿಂದ ಹೊಂಟ್ನಿ. ಬೈಕಿನ ಹಿಂದ ಕುಂಡ್ರಿಸಿಕೊಂಡು ಹೋದ್ನಿ. ಕ್ಯಾಮರಾ ಅಂಗಡ್ಯಾಗ ಉಳೀತು.

ಗವಿ ಇಷ್ಟ ಹತ್ರ ನಾ ಹೋಗಿದ್ದಿಲ್ಲ. ಹಾಲಿನ ವಾಸನಿ, ಹಸೀ ಮಣ್ಣಿನ ವಾಸನಿ. ಮಾಳಪ್ಪ ಒಂದು ಕಲ್ಲು ಎತ್ತಿಕೊಂಡ. ಬಾಯಿಗೆ ಇಡಾಕ ಬಾಗಿದಾಂವ ಹಂಗ ನಿಂತ. ಒಳಗ ಕುಂಯ್ ಅಂತ ಒಂದು ದನಿ. ನಮ್ಮ ಹೆಜ್ಜಿ ಸಪ್ಪಳ ಕೇಳಿ ತಾಯಿ ಬಂದ್ಲು ಅಂತ ತಿಳಕೊಂಡಿರಬೇಕು. ಕತ್ತಲಾಗಿಂದ ಒಂದು ಮೂಗು ಹೊರಗ ಬಂತು. ಬಿಸಲ ಮೂಸಿತು. ಮಾಳಪ್ಪನ ಹೆಬ್ಬೆಟ್ಟ ಮೂಸಿತು.

ತಲಿ ಎತ್ತಿದ್ನಿ. ಎದುರ ಗುಡ್ಡದ ನೆತ್ತಿ ಮ್ಯಾಲ ಆಕಿ ನಿಂತಿದ್ಲು. ಓಡಲಿಲ್ಲ. ಮುಂದನೂ ಬರಲಿಲ್ಲ. ಮುಳಗೂ ಸೂರ್ಯ ಆಕಿ ಮೈ ಮ್ಯಾಲ. ಬಾಯಾಗ ಏನೋ ಇತ್ತು, ಮೊಲ ಇರಬೇಕು. ಅಷ್ಟ ದೂರಿಂದ ಬ್ಯಾಟಿ ಹೊತಗೊಂಡು ಬಂದಾಕಿ ಅದನ್ನ ಕೆಳಗಿಡಲಾರದ ನಿಂತಿದ್ಲು. ಎಷ್ಟು ಹೊತ್ತೋ. ಗಾಳಿ ನಿಂತಿತ್ತು. ಮಾಳಪ್ಪನ ಕೈಯಾಗಿನ ಕಲ್ಲು, ಆಕಿ ಬಾಯಾಗಿನ ಮೊಲ, ನಡುವ ನಾನು. ನನ್ನ ಜೀವನದಾಗ ಅಷ್ಟು ಶಾಂತ ಯಾವ ಗುಡ್ಯಾಗೂ ಕೇಳಿಲ್ಲ.

ಮಾಳಪ್ಪ ಕಲ್ಲ ಸಾವಕಾಶ ಬಾಜೂಕ ಇಟ್ಟ. ಬೈದ ಆಕಿಗೆ, ಮನಿ ಹೆಣಮಗಳಿಗೆ ಬೈಯೂ ಹಂಗ, ಸಣ್ಣ ದನ್ಯಾಗ. ಆಮ್ಯಾಲ ನನಗಂದ —

"ನಡೀರಿ ಸಾವಕಾರ್ರ. ನಾವ್ ಇಲ್ಲೆ ಇದ್ರ ಆಕಿ ಉಣಸಂಗಿಲ್ಲ."

ಇಳೀತಾ ಇನ್ನೊಂದ ಮಾತಂದ. ನನ್ನ ಮರಿ ಮತ್ತ ಒಯ್ದ್ಲಂದ್ರ ಈ ಕಲ್ಲ ಇಲ್ಲೇ ಐತಿ. ಆಗಲಿ ಅಂದ್ನಿ.

ಜನವರಿ 28

ಗವಿ ಖಾಲಿ.

ಮುಂಜಾನಿ ದೂರಿಂದ ನೋಡಿದ್ನಿ, ಬಿಸಲೇರೂತನಕ. ಆಮ್ಯಾಲ ಹತ್ರ ಹೋದ್ನಿ. ಮೊಲದ ಕೂದಲ ಸ್ವಲ್ಪ ಬಿದ್ದಾವ. ತಾನ ಒಯ್ದಾಳೋ, ಯಾರರ ಬಂದು… ಆ ಹುಡುಗೂರ ಬೈಕಿನ ಗುರ್ತು ಬದುವಿನತನಕ ಅದಾವ. ಮುಂದ ಕಲ್ಲು. ಕಲ್ಲ ನೆಲದ ಮ್ಯಾಲ ಹೆಜ್ಜಿ ಕಾಣಂಗಿಲ್ಲ.

ಮಾಳಪ್ಪಗೂ ಗೊತ್ತಿಲ್ಲ. ನಾ ಅಲ್ರಿ ಅಂದ. ನಾ ಕೇಳಿದ್ದಿಲ್ಲ.

ಫೆಬ್ರುವರಿ 8, ಶನಿವಾರ

ಭಾಳ ದಿನ ಬರದಿಲ್ಲ. ಕ್ಯಾಮರಾ ಮುಟ್ಟಿಲ್ಲ. ಸೇತುವಿತನಕ ನಡಿತೇನಿ, ಬರತೇನಿ. ಸಾಗರ ಎರಡ ಸಲ ಬಂದು ಹೋದ. ತಪ್ಪಾತು ಮಾಮಾ ಅಂದ. ಅವನ ಮಾರಿ ನೋಡಿ ನಾನ ಸಮಾಧಾನ ಹೇಳಬೇಕಾತು.

ಇವತ್ತ ಮುಂಜಾನಿ ಒಂದು ಆತು. ಶಟರ್ ಅರ್ಧ ಎತ್ತಿದ್ನಿ, ಕೈ ತಡೀತು. ಕೆಳಗಿಂದ ಬಿಸಲ ಒಳಗ ಹೊಕ್ಕಿತ್ತು, ನೆಲದ ಗುಂಟ, ಗಾದಿ ತನಕ. ನಿನ್ನಿ ಮಡಚಲಾರದ ಬಿಟ್ಟ ಒಂದು ಸೀರಿ ಇತ್ತು, ಕುಂಕುಮ ಬಣ್ಣದ್ದು. ಆ ಬೆಳಕು ಅದರ ಮ್ಯಾಲ ಬಿದ್ದು ಗ್ವಾಡಿ, ಕಪಾಟು, ಮ್ಯಾಲಿನ ಫ್ಯಾನು, ಎಲ್ಲಾ ಕೆಂಪ ಹೊಡಿಯಾಕ ಹತ್ತಿತ್ತು. ಧೂಳಿನ ಕಣ ಒಂದೊಂದು ಹಾರ್ಯಾಡತಿದ್ವು. ನಮ್ಮಪ್ಪ ಕಟ್ಟಿಸಿದ ಅಂಗಡಿ. ದಿನಾ ಹಿಂಗ ಆಕ್ಕಿತ್ತೇನೋ. ಶಟರ್ ಅರ್ಧಕ್ಕ ಬಿಟ್ಟು ಹೊರಗ ಫುಟ್‌ಪಾತ್ ಮ್ಯಾಲ ಕುಂತು ಬಗ್ಗಿ ನೋಡಿದ್ನಿ. ಮಡಿವಾಳೆಪ್ಪ ಬಂದು ಏನ ಬಿದ್ದೈತ್ರಿ ಅಂತ ತಾನೂ ಬಗ್ಗಿದ.

ಇಬ್ಬರೂ ನೋಡಿದ್ವಿ.

ಫೆಬ್ರುವರಿ 20, ಗುರುವಾರ

ಮಾಳಪ್ಪ ಫೋನ್ ಮಾಡಿದ್ದ. ಯಾರದೋ ಫೋನಿಂದ. ಹಳ್ಳದ ಆಚೆ ಮೂರನೇ ಗುಡ್ಡದ ಬುಡಕ್ಕ ಸಣ್ಣ ಹೆಜ್ಜಿ ಅದಾವ ಅಂದ. ಸಣ್ಣವಾ ಅಂತ ಎರಡ ಸಲ ಕೇಳಿದ್ನಿ. ಮೂರನೇ ಗುಡ್ಡ ಅಂದ್ರ ನಾ ಹುಡುಗೂರನ್ನ ಕುಂಡ್ರಿಸಿ ಬಂದ ಗುಡ್ಡ. ಅದನ್ನ ಹೇಳಿದ್ಕ ಮಾಳಪ್ಪ ಫೋನಿನ್ಯಾಗ ನಕ್ಕ. ನಗೂದು ನಾ ಮೊದಲನೇ ಸಲ ಕೇಳಿದ್ದು. ತನ್ನ ಮರಿ ಒಂದೂ ಹೋಗಿಲ್ಲಂತ. ಸದ್ಯಾಕ ಅಂದ.

ಮಂಜುಳಾ ತಾನೂ ಬರತೇನಿ ಅಂದಾಳ. ನಿಮ್ಮ ಫೋಟೋ ಬ್ಯಾಡ ನನಗ, ಅವನ್ನ ನೋಡಬೇಕು ಅಂದ್ಲು.

ಫೆಬ್ರುವರಿ 23, ರವಿವಾರ. ಮುಂಜಾನಿ 6.20

ಮೂರನೇ ಗುಡ್ಡದಾಗ ಕುಂತ ಬರೀತೇನಿ. ಇನ್ನೂ ಪೂರಾ ಬೆಳಕಾಗಿಲ್ಲ, ಅಕ್ಷರ ಗೆರಿ ಬಿಟ್ಟು ಹೊಂಟಾವ. ಗಾಳಿ ಮಾರಿಗೆ ಐತಿ. ಮಂಜುಳಾ ನನ್ನ ಬಾಜೂಕ, ಶಾಲು ಹೊತಗೊಂಡು. ಕಳ್ಳಿ ಮುಳ್ಳು ಚುಚ್ಚೇತಿ, ಸಪ್ಪಳ ಮಾಡಿಲ್ಲ. ಕ್ಯಾಮರಾ ಆಕಿ ಕೊರಳಾಗ ಹಾಕೇನಿ. ಭಾರ ಐತಿ ಅಂದ್ಲು. ತಗದು ಕೊಡಲಿಲ್ಲ.

ಈ ಫೋಟೋ ಬಂದ್ರ ಯಾರಿಗೂ ಇಲ್ಲ ಅಂತ ಮಾತಾಗೇತಿ. ಸಾಗರಗೂ ಇಲ್ಲ. ಅಂವನ ಹೇಳಿದ, ನನಗ ತೋರ್ಸಬ್ಯಾಡ್ರಿ ಮಾಮಾ ಅಂತ.

ಆಲದ ಗಿಡದ ಮ್ಯಾಲ ಬೆಳಕ ಬಂತು. ಕೌಜುಗ ಕೂಗಾಕ ಹತ್ತ್ಯಾವ. ಮಂಜುಳಾ ಮೊಣಕೈಲೆ ನೂಕತಾಳ. ಎಲ್ಲೆ? ಬಂಡಿ ಎಡಕ್ಕ, ಹುಲ್ಲು ಅಲಗ್ಯಾಡತೈತಿ. ತಾಯಿ. ಹೌದು ಆಕಿನ. ನಿಂತಾಳ, ಹೊಳ್ಳಿ ನೋಡತಾಳ, ಹಿಂದ ಯಾರನ್ನೋ ಕರಿಯೂ ಹಂಗ.

ಬಂತು ಒಂದು. ಎಷ್ಟ ಉದ್ದ ಕಾಲ ಬಂದಾವ ಅದಕ್ಕ. ಎರಡು. ಎರಡನೇದರ ಬೆನ್ನಿಗೆ ಮೂರು, ಎಡವಿ ಬಿತ್ತು, ಎದ್ದಿತು. ಮಂಜುಳಾ ನನ್ನ ಕೈ ಹಿಡದಾಳ, ಬರಿಯಾಕ ಬರವಲ್ದು. ತಾಯಿ ಇನ್ನೂ ಹೋಗವಲ್ಲಳು. ಹುಲ್ಲಿನ ಕಡೆನ ನೋಡತಾಳ. ಹುಲ್ಲಾಗಿಂದ ಒಂದು ಮೂಗು ಹೊರಗ ಬಂತು, ಬಿಸಲ ಮೂಸತೈತಿ. ನಾಕು.